ಒಂದು ಮೊಳಕ್ಕೆ ಒಂದಿಂಚು

ಪೊಲ್ಲಾಚಿ ಹತ್ತಿರದ ನೆಗಮಂ ಊರಿನ, ಮನೆಯಲ್ಲಿ ಕನ್ನಡವಾಡುವ ನೇಕಾರರ ಬೀದಿಯಲ್ಲಿ ಅಳತೆಯ ವಿಷಯವಾಗಿ ಜಗಳ ಬಂದರೆ ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಿರಲಿಲ್ಲ, ವೆಂಕಟಾಚಲಂ ಮನೆಗೆ ಹೋಗುತ್ತಿದ್ದರು. ಅವನ ದೇವರ ಗೂಡಿನಲ್ಲಿ, ಚೌಡಮ್ಮನ ಪಟಕ್ಕೆ ಒರಗಿಸಿ, ಎರಡು ತುದಿಗೂ ಹಿತ್ತಾಳೆ ಕಟ್ಟಿದ ಒಂದು ಕರಿಯ ಕೋಲು ಇರುತ್ತಿತ್ತು. ಅವನ ತಾತನ ಕಾಲದ ಮೊಳಕೋಲು. ಬೀದಿಯಲ್ಲಿ ಯಾರ ಮಗ್ಗಕ್ಕಾದರೂ ಪಾವು ಹಾಸುವ ದಿನ, ಅಂದರೆ ಸೀರೆಯ ಉದ್ದದ ನೂಲನ್ನು ಬೀದಿಯುದ್ದಕ್ಕೂ ಬಿಗಿದು ಗಂಜಿ ಹಚ್ಚುವ ದಿನ, ಮೊದಲು ಈ ಕೋಲು ಬರಬೇಕು, ಕೋಲಿನ ಹಿಂದೆ ವೆಂಕಟಾಚಲಂ ಬರಬೇಕು, ಅವನು ಅಳೆದು ತೋರಿಸಿದ ಕಡೆ ಗೂಟ ಹೊಡೆಯಬೇಕು. ಆಮೇಲೆ ಬ್ರಹ್ಮ ಬಂದರೂ ಆ ಗೂಟ ಕದಲುವಂತಿರಲಿಲ್ಲ. ಊರಿನವರು ಅವನನ್ನು ಅಳತೆ ವೆಂಕಟಾಚಲಂ ಅನ್ನುತ್ತಿದ್ದರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಅಂದರೆ ಚೆನ್ನಾಗಿತ್ತು ಎಂದು ಅವನಿಗೆ ಒಳಗೊಳಗೇ ಆಸೆ ಇತ್ತು.

ಆ ಕೋಲಿಗೆ ಒಂದು ಗುಣವಿತ್ತು. ಅದು ಸಂತೆಯ ಮೊಳಕ್ಕಿಂತ ಒಂದು ಇಂಚು ಉದ್ದ. ನೂಲು ಮಗ್ಗದಲ್ಲಿ ಬಟ್ಟೆಯಾಗುವಾಗ ಮೊಳಕ್ಕೊಂದು ಇಂಚಿನಂತೆ ಒಳಗೆಳೆದುಕೊಳ್ಳುತ್ತದೆ, ಆದ್ದರಿಂದ ಆ ಇಂಚನ್ನು ಮೊದಲೇ ಕೊಟ್ಟುಬಿಡಬೇಕು. ಕೊಡದಿದ್ದರೆ ಸೀರೆಯ ಸೆರಗು ಗಿಡ್ಡವಾಗುತ್ತದೆ, ನೇಕಾರನ ಹೆಸರು ಅದಕ್ಕಿಂತ ಗಿಡ್ಡವಾಗುತ್ತದೆ. ತಾತ ಹೇಳಿದ್ದ ಈ ಮಾತನ್ನು ವೆಂಕಟಾಚಲಂ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಕೋಲು ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದದ್ದು. ಹೆಂಗಸರು ಅದನ್ನು ಮುಟ್ಟಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಮುಟ್ಟಿದವರೂ ಇರಲಿಲ್ಲ.

ವೆಂಕಟಾಚಲಂಗೆ ಇದ್ದದ್ದು ಒಬ್ಬಳೇ ಮಗಳು, ರಾಜಾಮಣಿ. ಹದಿನೈದನೆಯ ವಯಸ್ಸಿಗೇ ಮನೆಯ ಬಾಗಿಲಿಗೆ ಹಣೆ ಬಡಿಸಿಕೊಳ್ಳುವಷ್ಟು ಎತ್ತರ ಬೆಳೆದಿದ್ದಳು. ಬೀದಿಯ ಅತ್ತೆಯರಿಗೆ ಬೇರೆ ಕೆಲಸವಿರಲಿಲ್ಲ. "ಇವಳಿಗೆ ಗಂಡು ಎಲ್ಲಿಂದ ತರ್ತೀಯೇ ಚಿನ್ನತಾಯಿ, ತೆಂಗಿನ ಮರದಿಂದ ಇಳಿಸ್ತೀಯಾ?" ಎಂದು ಅವಳಮ್ಮನನ್ನು ಕೇಳುತ್ತಿದ್ದರು. ಚಿನ್ನತಾಯಿ ಬಾಯಿಯಲ್ಲಿ ಎಳೆಯ ತುದಿ ಕಚ್ಚಿಕೊಂಡು ನೂಲು ಸೇರಿಸುತ್ತ, "ಇಳಿಸೋದು ಯಾಕೆ, ಇವಳೇ ಕೈ ಚಾಚಿ ಕಿತ್ಕೋತಾಳೆ" ಅನ್ನುತ್ತಿದ್ದಳು.

ಆ ಎತ್ತರಕ್ಕೆ ಮೊದಲು ಬೆಲೆ ಕೊಟ್ಟವರು ಶಾಲೆಯ ಆಟದ ಟೀಚರ್ ಪಂಕಜಂ. ಕಾಲೇಜಿನಲ್ಲಿದ್ದಾಗ ಬಾಸ್ಕೆಟ್‌ಬಾಲ್ ಆಡಿದ್ದವರು, ತಮಿಳಿನವರು, ಕೊರಳಲ್ಲಿ ತಾಳಿಯ ಜೊತೆ ಸೀಟಿಯನ್ನೂ ಹಾಕಿಕೊಂಡಿರುತ್ತಿದ್ದರು. ರಾಜಾಮಣಿಯ ಕೈಗೆ ಚೆಂಡು ಕೊಟ್ಟ ಮೊದಲ ದಿನವೇ ಅವರು ಒಂದು ಸಂಗತಿ ಕಂಡರು. ಈ ಹುಡುಗಿಗೆ ಎಡಗೈ ಬಲಗೈ ಎಂಬ ಭೇದವೇ ಇಲ್ಲ. ಎಡದಿಂದ ಎಸೆಯುತ್ತಾಳೆ, ಬಲದಿಂದಲೂ ಎಸೆಯುತ್ತಾಳೆ, ಯಾವುದರಿಂದ ಎಸೆದೆ ಎಂದು ಕೇಳಿದರೆ ಯೋಚಿಸಿ ಹೇಳುತ್ತಾಳೆ. "ಯಾರು ಕಲಿಸಿದ್ದು?" ಎಂದರು. "ಮಗ್ಗದ ಲಾಳಿ, ಟೀಚರ್" ಎಂದಳು. ಏಳು ವರ್ಷದಿಂದ ಅಪ್ಪನ ಗುಂಡಿಮಗ್ಗದಲ್ಲಿ ಈ ಕೈಯಿಂದ ಲಾಳಿ ಎಸೆದು ಆ ಕೈಯಲ್ಲಿ ಹಿಡಿದವಳು. ಹಿಡಿಯದಿದ್ದರೆ ಎಳೆ ಹರಿಯುತ್ತದೆ, ಬೈಗುಳ ಬೀಳುತ್ತದೆ. ಅದಕ್ಕಿಂತ ದೊಡ್ಡ ತರಬೇತಿ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ ಎಂದು ಪಂಕಜಂ ಟೀಚರ್ ನಕ್ಕುಬಿಟ್ಟರು.

ಎಂಬತ್ತಮೂರನೇ ಇಸವಿಯ ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಶಾಲೆಯ ಮೈದಾನದಲ್ಲಿದ್ದ ಒಂದೇ ಒಂದು ಬಾಸ್ಕೆಟ್‌ಬಾಲ್ ಕಂಬವನ್ನು ನೆಲಕ್ಕೆ ಮಲಗಿಸಿತು. ಗೆದ್ದಲು ತಿಂದ ಕಂಬ, ಬೀಳಲು ನೆಪ ಕಾಯುತ್ತಿತ್ತು. ಹೊಸ ಕಂಬ ಈ ವರ್ಷ ಆಗುವುದಿಲ್ಲ ಎಂದರು ದೊಡ್ಡ ಟೀಚರ್. ಅದೇ ಹೊತ್ತಿಗೆ ಪಂಕಜಂ ಟೀಚರ್ ಹೆರಿಗೆಗೆಂದು ಧಾರಾಪುರದ ತವರಿಗೆ ಹೊರಟು ನಿಂತಿದ್ದರು. ಹೋಗುವ ಮುಂಚೆ ಕಬ್ಬಿಣದ ರಿಂಗನ್ನೂ ಚೆಂಡನ್ನೂ ರಾಜಾಮಣಿಯ ಮನೆಗೇ ತಂದು ಕೊಟ್ಟು, ನೋಟ್‌ಬುಕ್ಕಿನ ಹಾಳೆ ಹರಿದು ಅದರಲ್ಲಿ 'ನೆಲದಿಂದ ರಿಂಗಿಗೆ 10 ಅಡಿ' ಎಂದು ಬರೆದು ಅವಳಪ್ಪನ ಕೈಗಿತ್ತರು. "ಐಯಾ, ಇವಳನ್ನು ಸುಮ್ಮನೆ ಕೂರಿಸಬೇಡಿ" ಎಂದರು.

ಅಳತೆಯ ಕೆಲಸ ಮನೆ ಬಾಗಿಲಿಗೇ ಬಂದರೆ ವೆಂಕಟಾಚಲಂ ಬಿಡುವನೇ? ಆನೈಮಲೈ ಕಡೆಯಿಂದ ಗಾಡಿಯಲ್ಲಿ ತೆಂಗಿನ ಕಾಂಡ ತರಿಸಿದ. ಹಳೆಯ ಮಗ್ಗದ ಹಲಗೆಗಳನ್ನು ಜೋಡಿಸಿ ಬೋರ್ಡು ಮಾಡಿದ. ಬೀದಿಯ ತುದಿಯ ಬಯಲಿನಲ್ಲಿ ಕಂಬ ನೆಡುವ ದಿನ ಮಿಂದು ವಿಭೂತಿ ಹಚ್ಚಿ, ದೇವರ ಗೂಡಿನಿಂದ ಕೋಲು ತೆಗೆದುಕೊಂಡು ಬಂದ. ಎರಡು ಮೊಳಕ್ಕೆ ಮೂರು ಅಡಿ. ಹತ್ತು ಅಡಿಗೆ ಆರು ಮೊಳ, ಅದರ ಮೇಲೆ ಇನ್ನೊಂದು ಅಡಿ, ಅಂದರೆ ಮೊಳದಲ್ಲಿ ಮೂರರಲ್ಲಿ ಎರಡು ಪಾಲು. ಬೀದಿಯ ಜನವೆಲ್ಲ ನೋಡುತ್ತಿರುವಾಗ ಏಣಿ ಹತ್ತಿ, ಒಂದೊಂದು ಮೊಳಕ್ಕೂ ಗೀಟೆಳೆದು, ಬಾಯಿಬಿಟ್ಟು ಎಣಿಸಿ, ಗೀಟು ಮುಗಿದ ಕಡೆ ರಿಂಗಿನ ಮೊಳೆ ಹೊಡೆದ. ಎದುರು ಮನೆಯ ಮಯಿಲ್‌ಸಾಮಿ ಎಲೆ ಅಡಿಕೆ ಜಗಿಯುತ್ತ, "ಏನಪ್ಪಾ, ಆಕಾಶಕ್ಕೇ ಪಾವು ಹಾಸ್ತಾ ಇದ್ದೀಯಲ್ಲ!" ಎಂದ. ವೆಂಕಟಾಚಲಂ ಏಣಿಯ ಮೇಲಿಂದಲೇ, "ಹಾಸಿದ್ರೂ ಅಳತೆ ತಪ್ಪಾಕಿಲ್ಲ, ಹೋಗು" ಎಂದ.

ಒಂದೂವರೆ ವರ್ಷ ರಾಜಾಮಣಿ ಆ ರಿಂಗಿಗೆ ಚೆಂಡು ಹಾಕಿದಳು. ಪಾವು ಹಾಸದ ದಿನ ಬೆಳಿಗ್ಗೆ, ಮಗ್ಗ ಇಳಿದ ಮೇಲೆ ಸಂಜೆ. ಮಯಿಲ್‌ಸಾಮಿಯ ಮಗಳು ಚಂದ್ರಾ ಕಂಬದ ಕೆಳಗೆ ನಿಂತು ಚೆಂಡು ಹಿಂದಕ್ಕೆ ಎಸೆಯುತ್ತಿದ್ದಳು. ಮೊದಮೊದಲು ಚೆಂಡು ರಿಂಗನ್ನು ಮುಟ್ಟುತ್ತಲೇ ಇರಲಿಲ್ಲ. ಗಾಳಿ ಇರಬೇಕು, ಇಲ್ಲ ಮೈ ಸೋತಿರಬೇಕು ಎಂದುಕೊಂಡಳು. ಆರು ತಿಂಗಳಿಗೆ ಹತ್ತರಲ್ಲಿ ನಾಲ್ಕು ಬಿತ್ತು, ವರ್ಷಕ್ಕೆ ಏಳು. ಅಪ್ಪ ಮಗ್ಗದಲ್ಲಿ ಕೂತು ಕಿಟಕಿಯಿಂದ ಕಂಬದ ಕಡೆ ನೋಡುತ್ತಿದ್ದ; ಚೆಂಡು ಬಿದ್ದ ಸದ್ದಿಗೆ ಅವನ ಲಾಳಿಯೂ ಒಂದು ಸುತ್ತು ಜೋರಾಗಿ ಹೋಗುತ್ತಿತ್ತು. ಮಗಳು ಆಡುವ ಆಟದ ಹೆಸರನ್ನು ಅವನು ಕೊನೆಯವರೆಗೂ ಸರಿಯಾಗಿ ಹೇಳಲಿಲ್ಲ. ಆದರೆ ಕಂಬ ತನ್ನದು, ಅಳತೆ ತನ್ನದು ಎಂಬ ಹೆಮ್ಮೆ ಮಾತ್ರ ಮನೆ ತುಂಬ ಇತ್ತು.

ಎಂಬತ್ತನಾಲ್ಕರ ಕೊನೆಗೆ ಧಾರಾಪುರದಲ್ಲೇ ಉಳಿದುಕೊಂಡಿದ್ದ ಪಂಕಜಂ ಟೀಚರ್ ಕಾರ್ಡು ಬರೆದರು. ಅಲ್ಲಿ ಹೆಣ್ಣುಮಕ್ಕಳ ಪಂದ್ಯಗಳಿವೆ, ಒಂದು ತಂಡಕ್ಕೆ ಆಳು ಕಮ್ಮಿ, ಬಾ. ರಾಜಾಮಣಿ ಅಮ್ಮನ ಜೊತೆ ಬಸ್ಸು ಹತ್ತಿ ಹೋದಳು. ಅಮರಾವತಿ ಹೊಳೆಯ ಹತ್ತಿರದ ಸಿಮೆಂಟಿನ ಮೈದಾನ, ಬಿಳಿ ಗೆರೆಗಳು, ನಿಜವಾದ ಬಲೆ ಕಟ್ಟಿದ ರಿಂಗು. ಅವಳ ಎದೆ ಕುಣಿಯಿತು. ಮೊದಲ ಚೆಂಡು ಬೋರ್ಡಿನ ನೆತ್ತಿಗೆ ಬಡಿದು ಆಚೆ ಹೋಯಿತು. ಎರಡನೆಯದು ರಿಂಗಿನ ಹಿಂದಂಚಿಗೆ ತಾಗಿ ಪುಟಿಯಿತು. ಮೂರನೆಯದು ಬೋರ್ಡನ್ನೇ ದಾಟಿ ಒಬ್ಬ ಕಡಲೆಕಾಯಿ ಮಾರುವವನ ಬುಟ್ಟಿಗೆ ಬಿತ್ತು. ಜನ ನಕ್ಕರು. ಕೊನೆಗೆ ಹನ್ನೊಂದು ಎಸೆತಕ್ಕೆ ಬಿದ್ದದ್ದು ಒಂದು.

ಆಟ ಮುಗಿದ ಮೇಲೆ ಅವಳು ಬೇವಿನ ಮರದ ಬುಡದಲ್ಲಿ ಕೂತು ಅತ್ತಳು. ನಾಚಿಕೆಗೆ ಅತ್ತಳು, ಒಂದೂವರೆ ವರ್ಷ ನೆನೆದು ಅತ್ತಳು. ಟೀಚರ್ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದರು.

"ನಿನ್ನ ಕೈ ಸರಿಯಾಗಿದೆ. ಚೆಂಡು ಪ್ರತಿಸಲವೂ ಒಂದೇ ಕಡೆ ಹೋಗ್ತಿದೆ, ಗೇಣು ಮೇಲೆ" ಎಂದರು. "ರಾಜಾಮಣಿ, ನಿಮ್ಮ ಬೀದಿಯ ರಿಂಗು ಎಷ್ಟು ಎತ್ತರ ಇದೆ?"

"ಹತ್ತು ಅಡಿ ಟೀಚರ್. ಅಪ್ಪನೇ ಅಳೆದದ್ದು."

"ಹೋಗಿ ಇನ್ನೊಂದು ಸಲ ಅಳೆ. ಮೂರು ತಿಂಗಳಲ್ಲಿ ಕೊಯಮತ್ತೂರಿನಲ್ಲಿ ಜಿಲ್ಲಾ ತಂಡದ ಆಯ್ಕೆ. ನಿನಗೆ ವಯಸ್ಸಿನ ಲೆಕ್ಕದಲ್ಲಿ ಇದೊಂದೇ ಅವಕಾಶ, ಮುಂದಿನ ವರ್ಷ ಜೂನಿಯರ್ ಹುಡುಗಿಯರ ತಂಡಕ್ಕೆ ನಿನ್ನನ್ನು ಸೇರಿಸಲ್ಲ."

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಆ ಗಾದೆ ನೆನಪಾಗಿ ರಾಜಾಮಣಿಗೆ ಬಸ್ಸಿನ ದಾರಿಯುದ್ದಕ್ಕೂ ಮುಖ ಬಿಸಿಯಾಯಿತು. ಅಪ್ಪನ ಅಳತೆ ತಪ್ಪಿರಬಹುದು ಎಂದು ಯೋಚಿಸುವುದೇ ಪಾಪ ಅನ್ನಿಸಿತು. ಆದರೂ ಮರುದಿನ, ಅಪ್ಪ ನೂಲು ತರಲು ಹೋದ ಹೊತ್ತಿನಲ್ಲಿ, ಟೈಲರ್ ಕನ್ನಿಯಮ್ಮಾಳಿಂದ ಟೇಪು ಕಡ ತಂದು, ಏಣಿ ಹತ್ತಿ ರಿಂಗಿನಿಂದ ಟೇಪು ಇಳಿಬಿಟ್ಟಳು. ಐದಡಿಯ ಟೇಪು. ಅದರ ತುದಿ ಮುಟ್ಟಿದ ಕಡೆ ಕಂಬಕ್ಕೆ ಇದ್ದಿಲಿನಲ್ಲಿ ಗೀಟು ಹಾಕಿ, ಗೀಟಿನಿಂದ ಮತ್ತೆ ನೆಲದ ಕಡೆಗೆ ಇಳಿಸಿದಳು. ಹತ್ತಡಿ ತೀರಿತು. ನೆಲ ಇನ್ನೂ ಕೆಳಗಿತ್ತು. ಆರೂವರೆ ಇಂಚು, ಅದರ ಮೇಲೊಂದು ಚೂರು.

ಏಣಿಯ ಬುಡದಲ್ಲೇ ಕೂತು ಲೆಕ್ಕ ಹಾಕಿದಳು. ಆರು ಮೊಳ, ಮೇಲೆ ಮೂರರಲ್ಲಿ ಎರಡು ಪಾಲು. ಮೊಳಕ್ಕೆ ಒಂದಿಂಚು. ಅಪ್ಪ ಕಬ್ಬಿಣದ ರಿಂಗಿಗೂ ನೂಲಿಗೆ ಕೊಡುವಷ್ಟೇ ಕೊಟ್ಟುಬಿಟ್ಟಿದ್ದ. ಪಾವಿನ ಕೋಲಿನಲ್ಲಿ ಅಳೆದಿದ್ದ! ಆಕಾಶಕ್ಕೆ ನಿಂತ ತೆಂಗಿನ ಕಾಂಡ ಒಳಗೆಳೆದುಕೊಳ್ಳುತ್ತದೆಯೇ? ಅವಳಿಗೆ ಒಂದು ಗಳಿಗೆ ನಗು ಬಂತು. ಮರುಗಳಿಗೆಯೇ ಹೆದರಿಕೆ ಬಂತು.

ಹೆದರಿಕೆಗೆ ಕಾರಣವಿತ್ತು. ಐದು ವರ್ಷದ ಕೆಳಗೆ ಇದೇ ಮಯಿಲ್‌ಸಾಮಿ, ತನ್ನ ಪಾವು ಎರಡು ಮೊಳ ಕಮ್ಮಿ ಬಂತು, ಅಳತೆಯಲ್ಲಿ ಏನೋ ಇದೆ ಎಂದು ಬೀದಿಯಲ್ಲಿ ನಿಂತು ಕೂಗಿದ್ದ. ವೆಂಕಟಾಚಲಂ ಒಳಗೆ ಬಂದು, ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಮಯಿಲ್‌ಸಾಮಿಯ ಮನೆಯಲ್ಲೇ ಅವನ ತಮ್ಮ ಗಂಟು ಹಾಕಿ ಕತ್ತರಿಸಿಟ್ಟಿದ್ದ ಆ ಎರಡು ಮೊಳದ ನೂಲಿನ ತುಂಡು ಸಿಕ್ಕಿತು. ಅವತ್ತಿನಿಂದ ಇಬ್ಬರಿಗೂ ಮಾತಿತ್ತು, ಆದರೆ ಮಾತಿನೊಳಗೆ ಮುಳ್ಳಿತ್ತು. ಈಗ ಬೀದಿಯ ಜನವೆಲ್ಲ ನೋಡುತ್ತಿರುವಾಗ ಎಣಿಸಿ ಹೊಡೆದ ಮೊಳೆಯನ್ನು ಕಿತ್ತು ಅರ್ಧ ಅಡಿ ಕೆಳಗೆ ಹೊಡೆದರೆ? ಮಯಿಲ್‌ಸಾಮಿಗೆ ದೀಪಾವಳಿ. ಅಪ್ಪ ಆಮೇಲೆ ಯಾರ ಪಾವಿಗೂ ಕೋಲು ಎತ್ತುವವನಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳದಿದ್ದರೆ ಆಯ್ಕೆ ಕೈತಪ್ಪುತ್ತದೆ. ಅಪ್ಪನ ಹೆಸರೋ ತನ್ನ ಆಟವೋ ಎಂದು ತಕ್ಕಡಿ ಹಿಡಿದು ಕೂತವಳಿಗೆ ಎರಡು ದಿನ ನಿದ್ದೆ ಬರಲಿಲ್ಲ.

ಮೂರನೆಯ ದಿನ ಅಮ್ಮನೇ ಬಾಯಿ ಬಿಡಿಸಿದಳು. ಕೇಳಿಸಿಕೊಂಡು, ಅನ್ನ ಬಾಗಿಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ಅಪ್ಪಂಗೆ ಹೇಳ್ಬ್ಯಾಡ" ಎಂದಳು.

"ಮತ್ತೆ ಆಟ ಬಿಟ್ಬುಡ್ಲಾ?"

"ಯಾಕೆ ಬಿಡ್ತೀಯ, ನನ್ ಕಣ್ಣೇ? ನೀನು ಎಂಟು ವರ್ಸದವಳಿದ್ದಾಗ ಮಗ್ಗ ಎಟುಕ್ತಾ ಇರಲಿಲ್ಲ. ಆಗ ನಿಂಗೋಸ್ಕರ ಮಗ್ಗ ಇಳಿಸಿದ್ವಾ? ನಿನ್ನ ಕುಂಡಿ ಕೆಳಗೆ ಮಣೆ ಇಟ್ವಿ."

ರಾಜಾಮಣಿ ಅಮ್ಮನ ಮುಖ ನೋಡಿದಳು. ಇಷ್ಟು ಸುಲಭವಾದದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಅಮ್ಮನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ತಬ್ಬಿಕೊಂಡಳು ಕೂಡ. ಚಿನ್ನತಾಯಿ, "ಬುಡು, ಗಂಜಿ ಚೆಲ್ತೈತೆ" ಎಂದಳು.

ರಿಂಗು ಇಳಿಯುವ ಹಾಗಿಲ್ಲದಿದ್ದರೆ ನೆಲ ಏರಲಿ. ಮರುದಿನದಿಂದ ತಾಯಿ ಮಗಳು ಕೆರೆಯ ಅಂಗಳದಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಕಂಬದ ಸುತ್ತ, ಚೆಂಡು ಎಸೆಯಲು ನಿಲ್ಲುವ ಕಡೆಯವರೆಗೂ, ಸುರಿಯತೊಡಗಿದರು. ಕೇಳಿದವರಿಗೆ, "ಮಳೆ ಬಂದ್ರೆ ಅಲ್ಲಿ ನೀರು ನಿಲ್ತೈತೆ, ಚೆಂಡು ಕೆಸರಾಗ್ತೈತೆ" ಎಂದು ಚಿನ್ನತಾಯಿ ಹೇಳುತ್ತಿದ್ದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ. ದಿನಕ್ಕೆ ಹದಿನೈದು ಇಪ್ಪತ್ತು ಬುಟ್ಟಿ. ರಾಜಾಮಣಿ ಕಂಬದ ಬುಡದಲ್ಲಿ ಆರೂವರೆ ಇಂಚಿಗೆ ಇದ್ದಿಲಿನಲ್ಲಿ ಸಣ್ಣದೊಂದು ಗೆರೆ ಎಳೆದಿದ್ದಳು. ಚಂದ್ರಾ ಕೂಡ ಸೆರಗು ಕಟ್ಟಿ ಬುಟ್ಟಿ ಹೊತ್ತಳು, ಯಾಕೆಂದು ಕೇಳಲಿಲ್ಲ. ಆರನೆಯ ದಿನ ಅಪ್ಪ ಮಗ್ಗದಿಂದ ಎದ್ದು ಬಂದ. ರಾಜಾಮಣಿಯ ಜೀವ ಬಾಯಿಗೆ ಬಂತು.

"ಹಿಂಗೆ ಸುರಿದ್ರೆ ನಿಲ್ಲಾಕಿಲ್ಲ. ನೀರು ಚಿಮುಕಿಸಿ ದಮ್ಮಸು ಹಾಕ್ಬೇಕು" ಎಂದು ತಾನೇ ದಮ್ಮಸು ತಂದು ಬಡಿಯಲು ನಿಂತ. "ಎಷ್ಟು ಎತ್ತರ ಬೇಕು?"

"ಆರೂವರೆ ಇಂಚು ಅಪ್ಪಾ" ಎಂದುಬಿಟ್ಟಳು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೋಗಿತ್ತು.

"ಅದೇನು ಆರೂವರೆ?"

"ಟೀಚರ್ ಹೇಳಿದ್ರು."

ಅಪ್ಪ ದಮ್ಮಸನ್ನು ಎತ್ತಿದ ಕೈಯಲ್ಲೇ ಒಂದು ಕ್ಷಣ ತಡೆದ. ಆಮೇಲೆ ಬಡಿಯತೊಡಗಿದ. ಮಟ್ಟ ನೋಡಲು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಒಂದು ಕಣ್ಣು ಮುಚ್ಚಿ, ಅಲ್ಲಿ ಒಂದು ಹಿಡಿ ಹಾಕು, ಇಲ್ಲಿ ಒಂದು ಹಿಡಿ ತೆಗೆ ಎಂದು ಇಡೀ ಸಂಜೆ ಕೆಲಸ ಮಾಡಿಸಿದ. ತನ್ನ ತಪ್ಪನ್ನು ತಾನೇ ಬಡಿದು ಸರಿಮಾಡುತ್ತಿರುವ ಅಪ್ಪನನ್ನು ನೋಡಿ ರಾಜಾಮಣಿಗೆ ಅಳು ಬಂತು. ಬೆವರು ಒರೆಸುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡಳು.

ಎರಡೂವರೆ ತಿಂಗಳು ಉಳಿದಿತ್ತು. ಕೈ ಹಳೆಯದನ್ನು ಮರೆಯಲು ಒಂದು ತಿಂಗಳು ಹಿಡಿಯಿತು, ಹೊಸದನ್ನು ಕಲಿಯಲು ಇನ್ನೊಂದು. ಆದರೆ ಎತ್ತರಕ್ಕೆ ಹಾಕಿ ಹಾಕಿ ಅಭ್ಯಾಸವಾದ ಅವಳ ಚೆಂಡಿಗೆ ಒಂದು ಗುಣ ಉಳಿದುಹೋಯಿತು. ಬೇರೆ ಹುಡುಗಿಯರ ಚೆಂಡು ನೇರವಾಗಿ ಹೋಗುತ್ತಿತ್ತು, ಎದುರಿಗಿದ್ದವರು ಕೈ ಎತ್ತಿದರೆ ಸಿಕ್ಕಿಬೀಳುತ್ತಿತ್ತು. ಇವಳದು ಕಮಾನಿನಂತೆ ಮೇಲೆದ್ದು, ಎಲ್ಲರ ಕೈಗಳನ್ನೂ ದಾಟಿ, ಮೇಲಿನಿಂದ ರಿಂಗಿನೊಳಕ್ಕೆ ಇಳಿಯುತ್ತಿತ್ತು. ಕೊಯಮತ್ತೂರಿನ ಆಯ್ಕೆಯ ದಿನ ಇಪ್ಪತ್ತು ಎಸೆತಕ್ಕೆ ಹದಿನೇಳು ಬಿತ್ತು. ಪಟ್ಟಿ ಓದುತ್ತಿದ್ದ ಸಾರ್ ಅವಳ ಹೆಸರಿನ ಹತ್ತಿರ ಬಂದು ತಲೆ ಎತ್ತಿ, "ನೆಗಮದಲ್ಲಿ ಬಾಸ್ಕೆಟ್‌ಬಾಲ್ ಮೈದಾನ ಎಲ್ಲಿದೆಯಮ್ಮ?" ಎಂದು ಕೇಳಿದರು. "ನಮ್ಮ ಬೀದೀಲಿ ಸಾರ್" ಎಂದಳು.

ಮುಂದಿನದನ್ನು ಪತ್ರಿಕೆಗಳು ಬರೆದವು. ಹುಡುಗಿಯರ ಜಿಲ್ಲಾ ತಂಡ ಆಯಿತು, ಮರುವರ್ಷ ದೊಡ್ಡವರ ತಂಡ ಆಯಿತು. ಎಂಬತ್ತೇಳರಿಂದ ರಾಜ್ಯಕ್ಕೆ ಆಡಿದಳು, ಎಂಬತ್ತೊಂಬತ್ತರಲ್ಲಿ ನಾಯಕಿಯಾದಳು, ಆಟದ ಬಲದ ಮೇಲೆ ಕೆಲಸವೂ ಸಿಕ್ಕಿತು. ಎರಡು ಕೈಯಲ್ಲೂ ಒಂದೇ ಸಮ ಆಡುವ ಆಟಗಾರ್ತಿ ಎಂದು ಬರೆದರು, ಮಳೆಬಿಲ್ಲಿನಂಥ ಎಸೆತ ಎಂದು ಬರೆದರು. ಆ ಎಸೆತ ಎಲ್ಲಿಂದ ಬಂತು ಎಂದು ಕೇಳಿದಾಗಲೆಲ್ಲ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ನಮಗೆ ಬೇಕಾದದ್ದು ಪತ್ರಿಕೆಯವರಿಗೆ ಸಿಗದೆ ಹೋದ ಎರಡು ದಿನಗಳ ಕಥೆ. ಎಂಬತ್ತಾರರ ಕೊನೆಯ ತಿಂಗಳು.

ಆ ವರ್ಷ ರಾಜ್ಯ ಮಟ್ಟದ ಪಂದ್ಯಗಳು ಕೊಯಮತ್ತೂರಿನಲ್ಲೇ ನಡೆದವು. ಫೈನಲ್‌ನಲ್ಲಿ ಕೊಯಮತ್ತೂರಿಗೂ ಮದರಾಸಿಗೂ ಆಟ. ಅದುವರೆಗೆ ಅಪ್ಪ ಒಂದು ಆಟವನ್ನೂ ನೋಡಿರಲಿಲ್ಲ. ಕರೆದಾಗಲೆಲ್ಲ ಯಾರದೋ ಪಾವು ಇರುತ್ತಿತ್ತು. ಈ ಸಲ ಮಾತ್ರ ಬಿಳಿ ಅಂಗಿ ಹಾಕಿ, ಹೆಗಲಿಗೆ ಟವೆಲು ಏರಿಸಿ, ಚಿನ್ನತಾಯಿಯನ್ನೂ ಕರೆದುಕೊಂಡು ತಾನೇ ಹೊರಟ. ಕೊಯಮತ್ತೂರಿನ ಉಕ್ಕಡದಲ್ಲಿ ಬಸ್ಸಿಳಿದು, ಅಲ್ಲಿನ ಮೀನು ಮಾರುಕಟ್ಟೆಯ ವಾಸನೆಗೆ ಟವೆಲಿನಿಂದ ಮೂಗು ಮುಚ್ಚಿಕೊಂಡೇ ದಾರಿ ಕೇಳುತ್ತ ಮೈದಾನಕ್ಕೆ ಬಂದನಂತೆ. ಚಿನ್ನತಾಯಿ ಆಮೇಲೆ ಅದನ್ನು ನಟಿಸಿ ತೋರಿಸುತ್ತಿದ್ದಳು.

ರಾಜಾಮಣಿ ಆ ದಿನ ಇಪ್ಪತ್ತಮೂರು ಪಾಯಿಂಟ್ ಹಾಕಿದಳು, ಕೊಯಮತ್ತೂರು ಏಳು ಪಾಯಿಂಟಿನಿಂದ ಗೆದ್ದಿತು. ಗೆಳತಿಯರು ಅವಳನ್ನು ಹೆಗಲ ಮೇಲೆ ಎತ್ತಿದರು. ಆ ಎತ್ತರದಿಂದ ಅವಳು ಅಪ್ಪನನ್ನು ಹುಡುಕಿದಳು. ಅಪ್ಪ ಚಪ್ಪಾಳೆ ತಟ್ಟುತ್ತಿರಲಿಲ್ಲ. ಜನರೆಲ್ಲ ಇತ್ತ ನುಗ್ಗುತ್ತಿದ್ದರೆ ಅವನೊಬ್ಬನೇ ಅತ್ತ, ಖಾಲಿಯಾದ ಕಂಬದ ಕೆಳಗೆ ಹೋಗಿ ನಿಂತಿದ್ದ. ತಲೆ ಮೇಲೆತ್ತಿ ರಿಂಗನ್ನು ನೋಡುತ್ತಿದ್ದ. ನೂಲನ್ನು ಬೆರಳಲ್ಲಿ ಉಜ್ಜಿ ನಂಬರು ಹೇಳುವ ಮನುಷ್ಯ, ಗಿಡ್ಡ ಸೆರಗನ್ನು ದಾರಿಯಲ್ಲಿ ಹೋಗುವವಳ ಮೈಮೇಲೇ ಕಂಡುಹಿಡಿಯುವ ಕಣ್ಣು. ಆ ಕಣ್ಣು ಈಗ ರಿಂಗನ್ನು ಅಳೆಯುತ್ತಿತ್ತು.

ಅವಳು ಹೆಗಲಿಂದ ಇಳಿದು ಜನರನ್ನು ಸರಿಸಿಕೊಂಡು ಹೋಗುವಷ್ಟರಲ್ಲಿ ಅಪ್ಪ ಪಂಕಜಂ ಟೀಚರ್ ಹತ್ತಿರ ಮಾತಾಡುತ್ತಿದ್ದ.

"ಇದು ಎಷ್ಟು ಎತ್ತರ ಟೀಚರ್?"

"ಹತ್ತು ಅಡಿ ಐಯಾ. ಎಲ್ಲಾ ಕಡೆಯೂ ಹತ್ತೇ."

"ನಮ್ಮ ಬೀದೀದು?"

ಟೀಚರ್ ತಿರುಗಿ, ಹತ್ತಿರ ಬಂದ ರಾಜಾಮಣಿಯ ಕಡೆ ನೋಡಿದರು. ಅಪ್ಪನೂ ನೋಡಿದ. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಆರೂವರೆ" ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಕಿಣತ್ತುಕಡವು ದಾಟಿತು, ಪೊಲ್ಲಾಚಿಯಲ್ಲಿ ಬಸ್ಸು ಬದಲಾಯಿಸಿದರು, ಆಗಲೂ ಮುಖ ಇತ್ತ ತಿರುಗಲಿಲ್ಲ. ತೊಡೆಯ ಮೇಲೆ ಬಹುಮಾನದ ಕಪ್ ಇಟ್ಟುಕೊಂಡು ಕೂತಿದ್ದ ರಾಜಾಮಣಿಗೆ ಅದು ಕಲ್ಲಿನಷ್ಟು ಭಾರವಾಗಿತ್ತು. ಎರಡು ವರ್ಷ ಮುಚ್ಚಿಟ್ಟದ್ದು ತಪ್ಪಾಯಿತೇ? ಅಪ್ಪನ ಹೆಸರು ಉಳಿಸುತ್ತೇನೆಂದು ಹೋಗಿ ಅಪ್ಪನನ್ನೇ ಸಣ್ಣವನನ್ನಾಗಿ ಮಾಡಿದೆನೇ? ಅವನು ಮತ್ತೆ ಅನ್ನ ಬಿಟ್ಟು ಕೂತರೆ? ಮನೆಗೆ ಬಂದು ಅಪ್ಪ ಅನ್ನ ಉಂಡ. ಅದೊಂದು ಸಮಾಧಾನ. ಉಂಡು, ಕೋಲನ್ನು ಗೂಡಿನಿಂದ ತೆಗೆದು ಒರೆಸಿ, ಮತ್ತೆ ಇಟ್ಟು ಮಲಗಿದ.

ಮರುದಿನ ಮಯಿಲ್‌ಸಾಮಿಯ ಪಾವು.

ಬೆಳಕು ಹರಿಯುವ ಮುಂಚೆ ಬೀದಿ ಎದ್ದಿತ್ತು. ಗಂಜಿಯ ಅಂಡೆಗಳಿಂದ ಹಬೆ ಏಳುತ್ತಿತ್ತು, ಹೆಂಗಸರು ಕುಂಚಗಳನ್ನು ನೆನೆಹಾಕುತ್ತಿದ್ದರು, ಗಂಡಸರು ಕವಲುಕೋಲುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಬಿಸಿಲೇರಿದರೆ ಗಂಜಿ ಒಣಗಿ ಎಳೆ ಕಡಿಯುತ್ತದೆ, ಆದ್ದರಿಂದ ಪಾವಿನ ದಿನ ಯಾರಿಗೂ ಹರಟೆಗೆ ಹೊತ್ತಿರುವುದಿಲ್ಲ. ಅಪ್ಪ ಕೋಲು ಹಿಡಿದು ಬಂದು ಬೀದಿಯ ನಡುವೆ ನಿಂತ. ಅಳೆಯಲು ಬಗ್ಗಲಿಲ್ಲ.

"ಒಂದು ಮಾತೈತೆ" ಎಂದ. ಬೀದಿ ತಿರುಗಿ ನೋಡಿತು. "ಮೂರು ವರ್ಸದ ಕೆಳಗೆ ನಾನು ಆ ಕಂಬಕ್ಕೆ ರಿಂಗು ಹೊಡೆದೆ. ನೀವೆಲ್ಲ ನೋಡಿದ್ರಿ. ಅಳತೆ ತಪ್ಪು. ಕಬ್ಬಿಣಕ್ಕೆ ಪಾವಿನ ಕೋಲು ಹಿಡಿದೆ. ಆರೂವರೆ ಇಂಚು ಹೆಚ್ಚು."

ಅಪ್ಪ ಕೋಲಿನಿಂದ ಮಗಳ ಕಡೆ ತೋರಿಸಿದ.

"ನನ್ ಮಗಳಿಗೆ ಗೊತ್ತಾಯ್ತು. ಮೊಳೆ ಕಿತ್ರೆ ನನ್ ಮಾನ ಹೋಗ್ತೈತೆ ಅಂತ, ರಿಂಗು ಇಳಿಸದೆ ನೆಲಾನೇ ಏರಿಸಿದ್ಳು. ತಲೆ ಮೇಲೆ ಮಣ್ಣು ಹೊತ್ಳು. ನಾನೇ ದಮ್ಮಸು ಬಡಿದೆ, ನಂಗೆ ತಿಳೀಲಿಲ್ಲ. ಇವತ್ತು ಮಯಿಲ್‌ಸಾಮಿ ಪಾವು. ಈ ಕೈ ಅಳೆಯೋದು ಬೇಕೋ ಬೇಡ್ವೋ, ಅವನೇ ಹೇಳ್ಲಿ."

ಎಲ್ಲರ ಕಣ್ಣೂ ಮಯಿಲ್‌ಸಾಮಿಯ ಮೇಲೆ ಬಿತ್ತು. ಏಳು ವರ್ಷ ಕಾದ ಗಳಿಗೆ ಅವನ ಅಂಗೈಗೇ ಬಂದು ಕೂತಿತ್ತು. ರಾಜಾಮಣಿ ಕಣ್ಣು ಮುಚ್ಚಿಕೊಂಡಳು. ಮಯಿಲ್‌ಸಾಮಿ ಎಲೆ ಅಡಿಕೆ ಉಗುಳಿ ಬಂದು, ಬಾಯಿ ಒರೆಸಿಕೊಂಡ.

"ಕಮ್ಮಿ ಇಟ್ಟಿದ್ರೆ ಕೇಳ್ತಾ ಇದ್ದೆ" ಎಂದ. "ಹೆಚ್ಚು ಇಟ್ಟೋನನ್ನ ಏನಂತ ಕೇಳ್ಲಿ? ಆ ಆರೂವರೆ ಇಂಚು ಮದರಾಸಿನವರನ್ನ ಹೊಡೆದು ಕಳಿಸೈತೆ. ನನ್ ಚಂದ್ರಾಗೂ ಅಂಥಾದ್ದೇ ಒಂದು ತಪ್ಪು ಮಾಡಿಕೊಡು. ಎತ್ತಪ್ಪಾ ಕೋಲು, ಬಿಸಿಲು ಬತ್ತೈತೆ."

ಹೆಂಗಸರ ಕಡೆಯಿಂದ ನಗು ಎದ್ದಿತು. ಅಪ್ಪ ನಗಲಿಲ್ಲ. ಕೋಲನ್ನು ಎರಡು ಕೈಯಲ್ಲಿ ಹಿಡಿದು, ಕುಂಚ ನೆನೆಸುತ್ತ ನಿಂತಿದ್ದ ಮಗಳ ಹತ್ತಿರ ಬಂದು, ಅವಳ ಮುಂದೆ ಚಾಚಿದ.

ಬೀದಿಯ ಹಿರಿಯ ನಂಜಪ್ಪನ್ ಕೆಮ್ಮಿದರು. "ವೆಂಕಟಾಚಲಂ, ಹೆಣ್ಣುಮಗೂಗೆ ಕೋಲು..."

"ಮಾಮಾ, ಈ ಬೀದೀಲಿ ನನ್ ಅಳತೇನ ಒಂದು ಸಲ ತಿರುಗಿ ಅಳೆದಿದ್ದು ಇವಳೊಬ್ಳೇ" ಎಂದ ಅಪ್ಪ. "ಇನ್ಮೇಲೆ ಊರಲ್ಲಿದ್ದ ದಿನ ಇವಳೇ ಅಳೀಲಿ."

ರಾಜಾಮಣಿ ಒದ್ದೆ ಕೈಯನ್ನು ದಾವಣಿಗೆ ಒರೆಸಿಕೊಂಡಳು. ಕೋಲು ತೆಗೆದುಕೊಂಡಳು. ಕೋಲು ಅವಳು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಬಗ್ಗಿ, ಮೊದಲ ಗೂಟಕ್ಕೆ ಹಿತ್ತಾಳೆಯ ತುದಿ ಒತ್ತಿ, ಒಂದು ಎಂದಳು. ಎರಡು ಎಂದಳು. ಬೀದಿಯ ಮನೆಗಳನ್ನು ಒಂದೊಂದಾಗಿ ದಾಟಿ, ತೆಂಗಿನ ಕಂಬದ ಬುಡದ ಮಣ್ಣಿನ ಜಗಲಿಯ ಹತ್ತಿರ ಬಂದಾಗ ಅರವತ್ತಾಯಿತು. ಅವಳು ಅಲ್ಲಿ ಬೆರಳಿಟ್ಟು ಅಪ್ಪನ ಮುಖ ನೋಡಿದಳು. ಅಪ್ಪ ಕಂಬದ ಕಡೆ ನೋಡಲಿಲ್ಲ, ಕೋಲಿನ ಕಡೆಯೂ ನೋಡಲಿಲ್ಲ. ಅವಳ ಬೆರಳಿದ್ದ ಕಡೆ ಮಂಡಿಯೂರಿ ಕೂತು, ಗೂಟ ಇಟ್ಟು ಹೊಡೆದ.